ನಾಲ್ಕನೆಯ ಸಾಲು

ನವೆಂಬರ್ 16, 2009, ಸೋಮವಾರ

ಹೆಡ್‌ಮಾಸ್ಟರ್ ನಾಗರಾಜ್ ಸರ್ ಕರೆದು ಒಂದು ಕಟ್ಟು ಪೋಸ್ಟರ್ ಕೈಗಿಟ್ಟರು. ಕೈಕೋಳ ತೊಟ್ಟ ಸಿ.ಡಿ.ಯ ಚಿತ್ರ. ಸಿ.ಡಿ.ಗೆ ಕೈ ಎಲ್ಲಿಂದ ಬಂತು ಎಂದು ಬರೆದವನನ್ನು ಕೇಳಬೇಕು.

"ಎಂಟು, ಒಂಬತ್ತನೇ ಕ್ಲಾಸಿಗೆ ಪೈರಸಿ ಬಗ್ಗೆ ಪಾಠ ಆಗ್ಬೇಕು ಮೇಡಂ. ಹಾಡು ಕದಿಯೋದು ತಪ್ಪು ಅಂತ."

ಕನ್ನಡ ಟೀಚರಿಗೆ ಯಾಕೆ ಎಂದೆ.

"ಮೌಲ್ಯ ಶಿಕ್ಷಣಾನೂ ನೀವೇ ತಗೋತೀರಲ್ಲ. ಟ್ರಸ್ಟಿಗಳ ಇಚ್ಛೆ ಬೇರೆ."

ಟ್ರಸ್ಟಿ ಎಂದರೆ ಲೀಲಾಧರ. ಠಾಣೆ ಪಟ್ಟಣದ ನೌಪಾಡಾದಲ್ಲಿ ಎರಡು ಹೋಟೆಲು. ಈ ದೀಪಾವಳಿಗೆ ತನ್ನದೇ ಭಜನೆಗಳ ಸಿ.ಡಿ. ಹೊರತಂದಿದ್ದಾನೆ. ಮಾರಿ ಬಂದ ಹಣ ಶಾಲೆಯ ಮೂರನೇ ಮಹಡಿ ಕಟ್ಟಲು. ಸಿ.ಡಿ. ಕೊಂಡ ಮನೆಗಳಿಗಿಂತ ಹಾಡು ಕೇಳಿಬರುವ ಮನೆಗಳು ಹೆಚ್ಚಾಗಿವೆಯಂತೆ. ಅದಕ್ಕೇ ಈ ಮೌಲ್ಯ.

ಆದರೂ ಪಾಠದ ಬಗ್ಗೆ ನನ್ನ ತಕರಾರಿಲ್ಲ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಪ್ಲಾಸ್ಟಿಕ್ ಹಾಸಿ ಕೂರುವವನನ್ನು ದಿನವೂ ದಾಟಿ ಬರುತ್ತೇನೆ. ಒಬ್ಬಾಕೆ ಜೀವಮಾನವಿಡೀ ಹಾಡಿದ್ದು ಅವನ ಬಳಿ ಒಂದೇ ಸಿ.ಡಿ.ಯಲ್ಲಿ, ಒಂದು ವಡಾಪಾವಿನ ಬೆಲೆಗೆ. ಕೊಳ್ಳುವವರ ಮುಖ ನೋಡಿದರೆ ಮೈಯುರಿಯುತ್ತದೆ. ಬ್ಯಾಂಕಿನವರು, ಆಫೀಸಿನವರು. ಬೇರೇನನ್ನೂ ಕದಿಯದವರು.

ಮನೆಗೆ ಬಂದರೆ ಅಮ್ಮ ಕಿಟಕಿಯ ಬಳಿ ಕೂತು ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಬೆರಳಲ್ಲಿ ಭಜನೆಯ ತಾಳ ಹಾಕುತ್ತಿದ್ದಳು. ನಿಲ್ಲಿಸು ಎಂದೆ. ನಿಲ್ಲಿಸಿದಳು. ಭಜನೆ ನನಗಾಗದು. ಸಾಲುಕೋಣೆಗಳ ಚಾಳಿನಲ್ಲಿದ್ದಾಗ ಶುಕ್ರವಾರದ ಭಜನೆ ನಮ್ಮ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ನಾನು ಗ್ಯಾಲರಿಯ ಬಲ್ಬಿನಡಿ ಕಿವಿಗೆ ಬೆರಳಿಟ್ಟುಕೊಂಡು ಓದಿ ಪರೀಕ್ಷೆ ಪಾಸಾದವಳು.

ನವೆಂಬರ್ 20, ಶುಕ್ರವಾರ

ಒಂಬತ್ತನೇ 'ಬಿ'. ನಾನೇ ಕ್ಲಾಸ್ ಟೀಚರ್. ಒಬ್ಬರು ಕಟ್ಟಿದ ಹಾಡು ಅವರದ್ದು, ಕೇಳದೆ ಪ್ರತಿ ಮಾಡಿದರೆ ಮಾರಿದರೂ ಕಳ್ಳತನ, ಹಂಚಿದರೂ ಕಳ್ಳತನ ಎಂದೆ.

ಮಯೂರ್ ಎದ್ದ. "ಟೀಚರ್, ಗಣಪತಿ ಪೆಂಡಾಲಲ್ಲಿ ಹತ್ತು ದಿನ ಸ್ಪೀಕರ್ ಹಾಕ್ತಾರಲ್ಲ, ಅವರು ಕೇಳಿರ್ತಾರಾ?"

"ಕೇಳಬೇಕು."

"ಪೊಲೀಸರೂ ಅಲ್ಲೇ ಕೂತು ಪ್ರಸಾದ ತಿಂತಾರೆ ಟೀಚರ್."

ನಗು. ಆಶ್ರಿತಾ ಎಂಬ ಜಾಣೆ, ದಾಸರ ಪದ ಹಾಡುವವರು ಯಾರನ್ನು ಕೇಳಬೇಕು ಎಂದಳು. ಆಗ ನಾನು ಪಠ್ಯದಲ್ಲಿಲ್ಲದ್ದನ್ನು ಹೇಳಿದೆ. ದಾಸರು ಪದದ ಕೊನೆಯಲ್ಲಿ ತಮ್ಮ ದೇವರ ಹೆಸರಿಡುತ್ತಿದ್ದರು, ಅದು ಅಂಕಿತ. ಪದ ಯಾರದ್ದೆಂದು ಅದರಿಂದಲೇ ತಿಳಿಯುತ್ತಿತ್ತು. ಹಾಡಲು ಯಾರ ಅಪ್ಪಣೆಯೂ ಬೇಡ, ಅಂಕಿತ ಕೀಳುವಂತಿಲ್ಲ.

ಕೊನೆಯ ಬೆಂಚಿನಿಂದ ಅನುಷ್ಕಾ: "ಮತ್ಲಬ್ ಕಾಪಿ ಚಲೇಗಾ, ನಾಮ್ ನಹೀ ಕಾಟ್ನೇಕಾ?"

ಪ್ರತಿ ಮಾಡಬಹುದು, ಹೆಸರು ಕತ್ತರಿಸಬಾರದು, ಅಷ್ಟೇನಾ ಎಂದು ಅವಳ ಪ್ರಶ್ನೆ. ಉಡುಪಿ ಕಡೆಯ ಹುಡುಗಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಹಿಂದಿ. ಕನ್ನಡದಲ್ಲಿ ಕೇಳು ಎಂದೆ. ಕೂತುಬಿಟ್ಟಳು. ಉತ್ತರ ಕೊಡುವ ಕೆಲಸ ನನಗೂ ತಪ್ಪಿತು.

ಅಷ್ಟರಲ್ಲಿ ಮಯೂರ್ ನಿನ್ನೆಯ ಪ್ರಶ್ನೆಪತ್ರಿಕೆ ಎತ್ತಿ ಹಿಡಿದ. "ಟೀಚರ್, ಇದು? ಗೈಡಿನ ಹೆಸರು ಮಡಚಿ ಜೆರಾಕ್ಸ್ ಮಾಡಿದ್ದೀರಿ. ಅರ್ಧ ಕಾಣ್ತದೆ."

ಅವನನ್ನು ಹೊರಗೆ ನಿಲ್ಲಿಸಿದೆ. ಉಳಿದವರಿಂದ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಹೇಳಿಸಿದೆ. ಬಾಗಿಲಾಚೆಯಿಂದ ಅವನೂ ಗಟ್ಟಿಯಾಗಿ ಹೇಳುತ್ತಿದ್ದ, ತಲೆಹರಟೆ.

ನವೆಂಬರ್ 21

ಗೈಡಿನ ಜೆರಾಕ್ಸ್ ಬೇರೆ, ಇದು ಬೇರೆ. ಬೆಳಗಿನಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ. ಹೇಗೆ ಬೇರೆ ಎಂಬುದು ಇನ್ನೂ ಹೊಳೆದಿಲ್ಲ.

ಡಿಸೆಂಬರ್ 2, ಬುಧವಾರ

ಅನುಷ್ಕಾ ಸಿಕ್ಕಿಬಿದ್ದಳು. ಬ್ಯಾಗಿನಲ್ಲಿ ಒಂದು ಕಟ್ಟು ಸಿ.ಡಿ.ಗಳು, ಲೀಲಾಧರನ ಭಜನೆಗಳದ್ದೇ ನಕಲು. ಕಲ್ಯಾಣದಲ್ಲಿರುವ ಸೋದರಮಾವನ ಕಂಪ್ಯೂಟರಿನಲ್ಲಿ ಮಾಡಿದ್ದು. ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಅವಳ ಗುಂಪು ಅದರಲ್ಲಿನ ಒಂದು ಹಾಡಿಗೆ ಕುಣಿಯುತ್ತದೆ. ಕುಣಿಯುವವರಿಗೆಲ್ಲ ಒಂದೊಂದು. ಫೋನಿದ್ದವರಿಗೆ ಮೆಮೊರಿ ಕಾರ್ಡಿಗೇ ಹಾಕಿಕೊಟ್ಟಿದ್ದಾಳೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪ್ರತಿಜ್ಞೆಯ ಕೈ ಇಳಿಸಿ ಎರಡು ವಾರವಾಗಿಲ್ಲ.

ಲೀಲಾಧರ ಫೋನಿನಲ್ಲೇ ತೀರ್ಪು ಕೊಟ್ಟಿದ್ದಾನೆ: ಎಲ್‌ಸಿ, ಅಂದರೆ ಶಾಲೆ ಬಿಟ್ಟ ಸರ್ಟಿಫಿಕೇಟು, ಕೊಟ್ಟು ಕಳಿಸಿ. "ಮುಂದಿನ ವರ್ಷ ಹತ್ತನೇ ಕ್ಲಾಸು. ಈಗ ಶಾಲೆ ಬಿಡಿಸಿದ್ರೆ ಯಾರೂ ಸೇರಿಸ್ಕೊಳಲ್ಲ, ಪಾಪ" ಎಂದರು ನಾಗರಾಜ್ ಸರ್. ಪಾಪ ಎಂದವರೇ ವರದಿಯನ್ನು ನನ್ನತ್ತ ತಳ್ಳಿದರು. ಕ್ಲಾಸ್ ಟೀಚರ್ ಸಹಿ ಇಲ್ಲದೆ ಎಲ್‌ಸಿ ಹೊರಡುವುದಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಹಿಂಜರಿಯಲಿಲ್ಲ ಎಂದು ಇಲ್ಲಿ ಬರೆದಿಡುತ್ತೇನೆ.

"ಒಂದ್ಸಲ ಕೇಳ್ಬಿಡೋಣ ಮೇಡಂ, ಅದೇ ಹಾಡು ಹೌದೋ ಅಲ್ವೋ ಅಂತ." ಒಂದು ನಕಲನ್ನು ಕಂಪ್ಯೂಟರಿಗೆ ತುರುಕಿದರು. ತಬಲ, ಕೊಳಲು, ಯಾವಳದೋ ಜೇನಿನಂಥ ಗಂಟಲು.

ಹಿಟ್ಟು ಹುಳಿ ಬರಲಿಲ್ಲ, ಹೊತ್ತು ಮೂಡಿತು ಕೃಷ್ಣ,
ಕಟ್ಟಬೇಕಿದೆ ಬುತ್ತಿ, ಕೂರು ಹೊಸಿಲಲ್ಲಿ.
ಬಿಟ್ಟು ಬರಲಾರೆ ಒಲೆ, ಬೇಕಾದರೊಳ ಬಾರೊ,
ಮುಟ್ಟಿ ಪಾದವ ನಮಿಪೆ ಲೀಲಾಧರವಿಠಲ.

ಇದು ಅಮ್ಮನ ಹಾಡು.

ಚಾಳಿನ ಅಡುಗೆಮೂಲೆಯಲ್ಲಿ, ಹಿಟ್ಟು ಉಬ್ಬದ ಚಳಿಗಾಲದ ಬೆಳಗುಗಳಲ್ಲಿ, ಅಪ್ಪನ ಬುತ್ತಿ ಕಟ್ಟುತ್ತ ಅವಳು ಕಟ್ಟಿದ್ದು. ಮೂರು ಸಾಲು ಹಾಗೇ ಇವೆ. ನಾಲ್ಕನೆಯದು ಬೇರೆಯಿತ್ತು: 'ಮುಟ್ಟುಮೈಲಿಗೆ ನಿನಗೆ ಯಾಕೊ ಹೊಳೆಬಾಗಿಲ ಕೃಷ್ಣ.' ಹೊಳೆಬಾಗಿಲು ಅವಳ ತವರು. ಆ ಕೃಷ್ಣನೇ ಅವಳ ಅಂಕಿತ. ಆ ಶುಕ್ರವಾರದ ಭಜನೆಗೆ ಕೂರುತ್ತಿದ್ದವರಲ್ಲಿ ಈಗ ಉಳಿದವರು ಅಮ್ಮ, ಮತ್ತೆ ಆಗ ತಾಳ ಹಾಕಲು ಬರುತ್ತಿದ್ದ ಈ ಲೀಲಾಧರ.

ಕವರು ನೋಡಿದೆ. ಸಾಹಿತ್ಯ, ರಾಗ ಸಂಯೋಜನೆ: ಲೀಲಾಧರ.

ನಾಳೆ ಸಹಿ ಮಾಡುತ್ತೇನೆ ಎಂದು ಎದ್ದು ಬಂದೆ. ಕಿವಿಗೆ ಬೆರಳಿಟ್ಟುಕೊಂಡವಳಿಗೆ ನಾಲ್ಕೂ ಸಾಲು ಹೇಗೆ ಬಾಯಿಪಾಠವಾಗಿತ್ತೋ.

ಡಿಸೆಂಬರ್ 3

ಅಮ್ಮನಿಗೆ ಹೇಳಿದೆ. ಸಾಲುಗಳನ್ನು ಗದ್ಯದ ಹಾಗೆ ಓದಿ ಹೇಳಿದೆ.

"ಯಾರು, ಲೀಲನಾ? ಅವ ಲಯ ತಪ್ಪುವವ ಮಾರಾಯ್ತಿ. ಅವಂಗೆ ಸಿ.ಡಿ. ಮಾಡ್ಲಿಕ್ಕೆ ಹೇಗೆ ಬಂತು?" ನಕ್ಕಳು. ನಾಲ್ಕನೆಯ ಸಾಲು ಓದಿದಾಗ ನಗು ನಿಂತಿತು.

"ಎಂತ? ಪಾದ ಮುಟ್ಟಿ ನಮಿಪೆಯಾ?"

"ಹೌದು."

"ನನ್ನ ಅಡುಗೆಮನೆಯಲ್ಲಿ ಯಾರು ಯಾರ ಪಾದ ಮುಟ್ಟುವುದು? ಕೃಷ್ಣನನ್ನು ಒಳಗೆ ಬಾ ಅಂತ ಕರೆದವಳು ನಾನು. ಆ ದಿನಗಳಲ್ಲಿ."

ಆ ದಿನಗಳು ಎಂದರೆ ತಿಂಗಳ ಮೂರು ದಿನ. ಒಂದು ಕೋಣೆಯ ಮನೆಯಲ್ಲಿ ಹೊರಗೆ ಕೂರಲು ಹೊರಗೇ ಇರಲಿಲ್ಲ. ಅಪ್ಪ ಲೋಕಲ್ ರೈಲು ಹಿಡಿಯಬೇಕು, ಬುತ್ತಿ ಆಗಲೇಬೇಕು. ಅಮ್ಮ ಹೆದರಿಕೊಂಡೇ ಒಲೆ ಹಚ್ಚುತ್ತಿದ್ದಳು. ಹೆದರಿಕೆ ಹೋಗುವ ಹೊತ್ತಿಗೆ ಹಾಡಾಗಿತ್ತು. ಇದನ್ನು ಅವಳು ಇಂದು ಹೇಳಿದಳು, ಬೆಂಡೆಕಾಯಿ ಹೆಚ್ಚುತ್ತ. ಇಷ್ಟು ವರ್ಷ ನಾನು ಕೇಳಿರಲಿಲ್ಲ.

ಹಾಡು ನಿನ್ನದೆಂದು ಬರೆದುಕೊಡು, ಟ್ರಸ್ಟಿಗೆ ಕಳಿಸುತ್ತೇನೆ ಎಂದೆ.

"ನನ್ನದು ಅಂತ ಬರೆಯಲಿಕ್ಕೆ ಅದೆಂತ ಫ್ಲ್ಯಾಟಾ?"

"ಮತ್ತೆ ಅವನು ಬರೆದುಕೊಂಡಿದ್ದಾನಲ್ಲ!"

"ಬರೆದುಕೊಳ್ಳಲಿ. ನನ್ನ ಹೆಸರು ಹಾಕ್ಲಿಕ್ಕೆ ಗೊತ್ತಿಲ್ಲದೆ ಕೃಷ್ಣನ ಹೆಸರು ಹಾಕಿದ್ದಾ ನಾನು? ಸಾಲು ಕೆಡಿಸಿದ್ದು ಮಾತ್ರ ಸರಿಯಲ್ಲ."

ಅವಳ ಮೇಲೂ ರೇಗಿದೆ. ಕದ್ದವನ ಮೇಲೆ ಬರಬೇಕಾದ ಸಿಟ್ಟು ಕಳೆದುಕೊಂಡವಳಿಗೇ ಬರದಿದ್ದರೆ ಉಳಿದವರು ಏನು ಮಾಡುವುದು?

ಡಿಸೆಂಬರ್ 5, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ ನೌಪಾಡಾಕ್ಕೆ ಹೋದೆ. ಲೀಲಾಧರ ಗಲ್ಲಾದಿಂದ ಎದ್ದು ಬಂದ.

"ಬನ್ನಿ ಪ್ರಫುಲ್ಲಕ್ಕ, ಅಪರೂಪ! ಬಾಲಕ್ಕ ಹೇಗಿದ್ದಾರೆ, ಮೊಣಕಾಲು? ಏಯ್, ಒಂದು ಕಾಫಿ, ಸ್ಟ್ರಾಂಗ್."

"ಹಾಡು ಅಮ್ಮನದ್ದು" ಎಂದೆ.

ಅಲ್ಲ ಎನ್ನುತ್ತಾನೆ ಎಂದು ದಾರಿಯುದ್ದಕ್ಕೂ ಸಿದ್ಧವಾಗಿ ಹೋಗಿದ್ದೆ. ಅವನು ಕುರ್ಚಿ ಎಳೆದು ಕೂತ.

"ಅಲ್ಲ ಅಂತ ನಾನೆಲ್ಲಿ ಅಂದೆ? ಬಾಲಕ್ಕನ ಹತ್ರವೇ ಕಲಿತದ್ದು. ಆದ್ರೆ ಹೊಳೆಬಾಗಿಲು ಅಂದ್ರೆ ಯಾರಿಗೆ ಗೊತ್ತುಂಟು? ಸ್ಟುಡಿಯೋದವರೇ ಬೇಡ ಅಂದ್ರು. ಮತ್ತೆ ಆ ಮುಟ್ಟಿನ ಸಾಲು, ಶಾಲೆ ಮಕ್ಕಳ ಬಾಯಲ್ಲಿ ಹಾಡಿಸ್ಲಿಕ್ಕಾಗ್ತದಾ? ನೀವೇ ಹೇಳಿ."

"ಕೇಳಬಹುದಿತ್ತು."

"ಕೇಳಿದ್ರೆ ಬಾಲಕ್ಕ ಬೈತಿದ್ರು." ನಕ್ಕ. "ಅಕ್ಕ, ಒಂದು ಮಾತು. ಚಾಳಿನಲ್ಲಿ ನಲ್ವತ್ತು ಜನ ಕೇಳ್ತಿದ್ದ ಹಾಡು. ಇವತ್ತು ಸಾವಿರ ಮನೆಗೆ ಮುಟ್ಟಿಸಿದ್ದೇನೆ."

"ಅನುಷ್ಕಾ ಮಾಡಿದ್ದೂ ಅದೇ ಅಲ್ಲವಾ?"

"ಅದು ಬೇರೆ." ನಾನು ಜೆರಾಕ್ಸಿಗೆ ಹೇಳಿಕೊಂಡ ಮಾತು, ಅದೇ ಧಾಟಿಯಲ್ಲಿ. "ಅವಳು ಕಟ್ಟಡಕ್ಕೆ ಕನ್ನ ಹಾಕಿದ್ದು. ನೀವು ಸಹಿ ಮಾಡಿ. ಶಿಸ್ತು ಬೇಕಲ್ಲ, ಇಲ್ಲದಿದ್ರೆ ನಾಳೆ ಎರಡನೇ ಸಿ.ಡಿ.ಯೂ ಪೆನ್‌ಡ್ರೈವಿಗೆ ಹೋಗ್ತದೆ. ನಾನು ಹೊಸ ಕವರ್ ಹೊಡೆಸ್ತೇನೆ, ಸಾಹಿತ್ಯ ಶ್ರೀಮತಿ ಬಾಲಮ್ಮ ಅಂತ, ಫೋಟೋ ಸಮೇತ. ಗ್ಯಾದರಿಂಗಿನ ದಿವಸ ಸ್ಟೇಜಿಗೆ ಕರೆದು ಶಾಲು ಹೊದಿಸುವ. ನಾನೇ ಹೊದಿಸ್ತೇನೆ."

"ಮತ್ತೆ ಸಾಲು?"

"ಸಾಲು ಇರಲಿ ಬಿಡಿ."

ಕಾಫಿ ಮುಟ್ಟದೆ ಎದ್ದು ಬಂದೆ. ನಾನು ಮಾಡಿದ ಪ್ರತಿಭಟನೆ ಅದೊಂದೇ. ಒಳ್ಳೆಯ ಕಾಫಿಯೇ ಇದ್ದಿರಬೇಕು.

ಗಾಡಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅಮ್ಮ ಸ್ಟೇಜಿನ ಮೇಲೆ ಕೂತಿದ್ದಾಳೆ, ಹೆಗಲ ಮೇಲೆ ಶಾಲು, ಮೈಕಿನಲ್ಲಿ ಅವಳ ಹೆಸರು. ಡೊಂಬಿವಲಿಯವರೆಗೂ ಅದನ್ನೇ ನೋಡುತ್ತ ಬಂದೆ. ನನಗೆ ಆ ಶಾಲು ಬೇಕಿತ್ತು. ಒಂದು ಸಹಿ. ಹುಡುಗಿ ಹೇಗೂ ತಪ್ಪು ಮಾಡಿದವಳೇ.

ಡಿಸೆಂಬರ್ 7

ಸಹಿ ಮಾಡಿಲ್ಲ. ಮಾಡುವುದಿಲ್ಲ ಎಂದೂ ಹೇಳಿಲ್ಲ.

ಡಿಸೆಂಬರ್ 9, ಬುಧವಾರ

ಅನುಷ್ಕಾಳನ್ನು ಕ್ಲಾಸಿಗೆ ಬಿಡುತ್ತಿಲ್ಲ. ಹೆಡ್‌ಮಾಸ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದಾರೆ, ಬಂದುಹೋಗುವವರೆಲ್ಲ ನೋಡಲಿ ಎಂದು. ಇಂದು ಅವಳ ಪಕ್ಕ ಕೂತೆ. ಬೈಯಬೇಕೆಂದೇ ಕೂತೆ.

"ಸಾರಿ ಬೋಲೂ ಕ್ಯಾ ಟೀಚರ್?"

"ಬೇಡ. ಪಾಠ ಕೇಳಿದ ಮೇಲೂ ಹೀಗೆ ಮಾಡಿದೆಯಲ್ಲ, ನಾಚಿಕೆ ಆಗಲಿಲ್ಲವಾ?"

ಅವಳಿಗೆ ರೋಷ ಬಂತು. "ಪಾಠ್ ಸುನಾ ನಾ ಟೀಚರ್! ಆಪ್‌ನೇ ಬೋಲಾ ನಾಮ್ ನಹೀ ಕಾಟ್ನೇಕಾ. ಮೈನೇ ನಹೀ ಕಾಟಾ. ಸಬ್ ಪೇ ಲಿಖಾ."

ಹೆಸರು ಕತ್ತರಿಸಲಿಲ್ಲವಂತೆ, ಎಲ್ಲದರ ಮೇಲೂ ಬರೆದಿದ್ದಾಳಂತೆ. ಸಾಕ್ಷಿಯ ಕಟ್ಟು ಇನ್ನೂ ಮೇಜಿನ ಮೇಲೇ ಇತ್ತು. ಹೋಗಿ ಬಿಚ್ಚಿ ನೋಡಿದೆ. ಒಂದೊಂದು ನಕಲಿನ ಮೇಲೂ ಮಾರ್ಕರಿನಲ್ಲಿ, ಸೊಟ್ಟ ಕನ್ನಡ ಅಕ್ಷರಗಳಲ್ಲಿ: ಹಾಡು ಬರೆದವರು ಲೀಲಾಧರ ಸರ್.

ಇಡೀ ತರಗತಿಯಲ್ಲಿ ನನ್ನ ಪಾಠ ಕೇಳಿದವಳು ಇವಳೊಬ್ಬಳು. ಕೇಳಿ, ಪಾಲಿಸಿ, ಸುಳ್ಳು ಹೆಸರನ್ನು ಶ್ರದ್ಧೆಯಿಂದ ಬರೆದು ಹಂಚಿದ್ದಾಳೆ. ಯಾರ ಮೇಲೆ ಸಿಟ್ಟಾಗುವುದೆಂದು ತಿಳಿಯದೆ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದೆ. ನಾಗರಾಜ್ ಸರ್ ಬೆಚ್ಚಿಬಿದ್ದರು.

ತಿರುಗಿ ಬಂದು ಕೂತಾಗ ಅವಳು ಮೆಲ್ಲಗೆ ಕೇಳಿದಳು, "ಹಿಟ್ಟು ಹುಳಿ ಮತ್ಲಬ್ ಕ್ಯಾ?" ಹುಳಿಯನ್ನು ಹುಲಿ ಎಂದುಕೊಂಡು, ಕುಣಿಯುವಾಗ ಆ ಸಾಲಿಗೆ ಅವರಿಗೆ ಬಿಲ್ಲು ಬಾಣದ ಅಭಿನಯ ಹೇಳಿಕೊಟ್ಟಿದ್ದಾರಂತೆ. ಹಿಟ್ಟು ಎಂದರೇನು, ಅದು ಯಾಕೆ ಉಬ್ಬಲಿಲ್ಲ, ಬುತ್ತಿ ಯಾರದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಾಲ್ಕನೆಯ ಸಾಲಿಗೆ ಬಂದುಬಿಟ್ಟಿದ್ದೆ. ನಿಜವಾದ ನಾಲ್ಕನೆಯದಕ್ಕೆ. ಅದರ ಅರ್ಥವನ್ನೂ ಹೇಳಿದೆ.

ಅವಳು ನೆಲ ನೋಡುತ್ತಿದ್ದಳು. ಆಮೇಲೆ, "ನಮ್ಮ ಅಜ್ಜಿ ಇನ್ನೂ ಬಾಲ್ಕನಿಯಲ್ಲಿ ಕೂರಿಸ್ತಾರೆ ಟೀಚರ್, ಆ ದಿನ" ಎಂದಳು. ಕನ್ನಡದಲ್ಲಿ. "ಯೇ ವಾಲಾ ಅಚ್ಛಾ ಹೈ. ಕಿಸ್ಕಾ ಹೈ?" ಈ ಸಾಲೇ ಚೆನ್ನಾಗಿದೆ, ಯಾರದ್ದು ಎಂದು.

"ನನ್ನ ಅಮ್ಮನದ್ದು."

ಹೇಳಬಾರದಿತ್ತು. ಹೇಳಿದ ಮೇಲೆ ಆ ಶಾಲು ನನ್ನ ಕಣ್ಣಿಗೆ ಬೀಳುವುದು ನಿಂತಿದೆ.

ಡಿಸೆಂಬರ್ 11, ಶುಕ್ರವಾರ

ಹುಡುಗಿಯ ವಿಷಯವನ್ನು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಸೀರೆ ಉಟ್ಟು ಬಾಗಿಲ ಬಳಿ ನಿಂತಿದ್ದಳು. "ರಿಕ್ಷಾ ಕರಿ." ಮೆಟ್ಟಿಲು ಇಳಿಸಿ ಕರೆದೊಯ್ಯುವಷ್ಟರಲ್ಲಿ ನನಗೆ ಬೆವರಿಳಿದಿತ್ತು.

ಕೋಣೆಯಲ್ಲಿ ನಾಗರಾಜ್ ಸರ್, ಲೀಲಾಧರ. ಎಲ್‌ಸಿಯ ಮಾತೇ ನಡೆದಿತ್ತು. ಬೆಂಚಿನ ಮೇಲಿದ್ದವಳನ್ನು ಅಮ್ಮ ಕೈಹಿಡಿದು ಒಳಗೆ ಎಳೆದುಕೊಂಡೇ ಬಂದಳು. ಇವಳೇ ಹೌದಾ ಎಂದು ಕಾರಿಡಾರಿನಲ್ಲಿ ನನ್ನನ್ನು ಕೇಳಿದ್ದಳು.

ಲೀಲಾಧರ ಎದ್ದು ಕಾಲಿಗೆ ಬಗ್ಗಿದ.

"ಮುಟ್ಟಬೇಡ. ಕೂತುಕೋ. ಕೇಳದೆ ತೆಗೊಂಡ್ರೆ ಕಳ್ಳತನ ಅಂತ ಪಾಠ ಮಾಡಿಸ್ತಿಯಂತೆ?"

"ಹಾಗಲ್ಲ ಬಾಲಕ್ಕ..."

"ಈ ಹುಡುಗಿ ನನ್ನ ಹತ್ರ ಕೇಳಿದ್ದಾಳೆ. ನಾನು ಕೊಟ್ಟಿದ್ದೇನೆ. ಅವಳಿಗೆ ಬೇಕಾದಷ್ಟು ಮಾಡಿಕೊಳ್ಳಲಿ."

ಸುಳ್ಳು. ಎಪ್ಪತ್ತೆಂಟರ ಅಮ್ಮ ಇಷ್ಟು ನೇರವಾಗಿ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅನುಷ್ಕಾ ಬಾಯಿ ತೆರೆದಳು. ಅವಳ ಕಾಲನ್ನು ನಾನು ತುಳಿದೆ.

"ನಿಮ್ಮ ಹೆಸರು ಹಾಕಿಸ್ತೇನೆ ಅಂದಿದ್ದೆನಲ್ಲ ಅಕ್ಕ."

"ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಉಂಟು, ಸಾಕು. ಸಾಲು ತಿರುಗಿ ಹಾಕ್ತಿಯಾ?"

"ಆಗ್ಲಿಕ್ಕಿಲ್ಲ. ಜನ ಎಂತ ಹೇಳ್ತಾರೆ?"

"ಜನ ಹೇಳುವುದು ಆಮೇಲೆ. ಅಂಥಾ ದಿವಸ ನಾನು ಬೇಯಿಸಿದ್ದನ್ನೇ ತಿಂದು ನೀನು ಎಷ್ಟು ಸಲ ತಾಳ ಹಾಕಿದ್ದೀಯ, ಗೊತ್ತುಂಟಾ?"

ಅವನ ಮುಖ ಕಪ್ಪಿಟ್ಟಿತು. ನಾಗರಾಜ್ ಸರ್ ಕ್ಯಾಲೆಂಡರ್ ಓದತೊಡಗಿದರು. ಸ್ವಲ್ಪ ಹೊತ್ತಿಗೆ ನನ್ನತ್ತ ತಿರುಗಿ, "ಮೇಡಂ, ಹಾಗಾದ್ರೆ ವರದಿ?" ಎಂದರು.

"ಹಾಡಿನವರು ದೂರು ಕೊಟ್ಟಿಲ್ಲ. ಕಳ್ಳತನದ ವರದಿಯೇ ಬೇಕೆಂದರೆ ಈಗಲೇ ಬರೆಯುತ್ತೇನೆ ಸರ್. ಕದ್ದವರು ಎನ್ನುವಲ್ಲಿ ಯಾರ ಹೆಸರು ಬರೆಯಲಿ, ನೀವೇ ಹೇಳಿ."

ಅವರು ಟ್ರಸ್ಟಿಯ ಮುಖ ನೋಡಿದರು. ಲೀಲಾಧರ ಎದ್ದ. "ಆ ಹಾಡು ಗ್ಯಾದರಿಂಗಿಗೆ ಬೇಡ. ಹುಡುಗಿ ಇರಲಿ" ಎಂದ. ನನ್ನತ್ತ ನೋಡಿ, "ನೀವು ಹೀಗೆ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ ಪ್ರಫುಲ್ಲಕ್ಕ" ಎಂದ. ನಿಜವಾಗಿ ನೊಂದಿದ್ದ. ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಕದ್ದವನು ನೋಯಲೂಬಾರದು.

ಡಿಸೆಂಬರ್ 19, ಶನಿವಾರ

ಗ್ಯಾದರಿಂಗ್. ಅನುಷ್ಕಾಳ ಗುಂಪು ಒಂದು ಸಿನಿಮಾ ಹಾಡಿಗೆ ಕುಣಿಯಿತು. ಹಾಡು ಯಾರದ್ದೋ ಪೆನ್‌ಡ್ರೈವಿನಿಂದ ಬಂತು. ಯಾರದ್ದೆಂದು ಯಾರೂ ಕೇಳಲಿಲ್ಲ. ಸ್ಟೇಜಿನ ಹಿಂದೆ ಕೋಳದ ಪೋಸ್ಟರ್.

ಬಾಗಿಲಲ್ಲಿ ಮೇಜು ಹಾಕಿ ಲೀಲಾಧರನ ಸಿ.ಡಿ. ಮಾರಿದರು. ಅದೇ ಕವರು, ಅದೇ ಹೆಸರು. ಜನ ಕೊಂಡರು. ನಾನು ನೋಡುತ್ತ ನಿಂತೆ.

ಜನವರಿಯಿಂದ ಒಂಬತ್ತನೇ 'ಬಿ' ನನ್ನದಲ್ಲ. ನನಗೆ ಲೈಬ್ರರಿ. "ಸ್ವಲ್ಪ ರೆಸ್ಟ್ ಆಗತ್ತೆ ಮೇಡಂ" ಎಂದರು ನಾಗರಾಜ್ ಸರ್. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಬೀಗದ ಕೈ ಕೊಟ್ಟು ರೆಸ್ಟ್ ಎನ್ನುತ್ತಾರೆ.

ಆದರೆ ಅನುಷ್ಕಾ ಹತ್ತನೇ ತರಗತಿಗೆ ಹೋಗುತ್ತಾಳೆ. ಅಮ್ಮನನ್ನು ನೋಡಲು ಬರಲೇ ಎಂದು ಕೇಳಿದಳು. ಬೇಡ ಎಂದೆ. ಆಮೇಲೆ, ಮುಂದಿನ ವಾರದ ಭಾನುವಾರ ಬಾ ಎಂದೆ.

ಡಿಸೆಂಬರ್ 27, ಭಾನುವಾರ

ಒಬ್ಬಳು ಬರುತ್ತಾಳೆಂದುಕೊಂಡರೆ ಗುಂಪೇ ಬಂತು. ಆಶ್ರಿತಾ ಕೂಡ. ಚಪ್ಪಲಿಗಳಿಗೆ ಬಾಗಿಲಲ್ಲಿ ಜಾಗ ಸಾಲದೆ ಪಕ್ಕದ ಮನೆಯವರು ಗೊಣಗಿದರು. ನಿಮ್ಮ ಗಣಪತಿಯ ಸ್ಪೀಕರ್ ನಾವು ಸಹಿಸಿಲ್ಲವೇ ಎಂದು ಕೇಳಿ ಬಾಗಿಲು ಹಾಕಿದೆ.

ಅವರಿಗೆ ಹಾಡು ಬೇಕು, ಸರಿಯಾದದ್ದು. ಅಮ್ಮ ಹೇಳಿಕೊಟ್ಟಳು. ಒಬ್ಬೊಬ್ಬಳದು ಒಂದೊಂದು ಶ್ರುತಿ. ಹ್ರಸ್ವ ಸ್ವರ ಅವರ ಬಾಯಿಗೆ ಹತ್ತದು, 'ಒಲೆ' ಎನ್ನಲು ಹೋಗಿ 'ಓಲೆ' ಎನ್ನುತ್ತಾರೆ. ಅಡುಗೆಮನೆಯಿಂದಲೇ ಎರಡು ಸಲ ಗದರಿದೆ. ಕೆಲಸ ಸಾಗದೆ ಹೊರಗೆ ಬಂದು ಕೂತು ಗದರಿದೆ.

ಕೊನೆಗೆ ಅನುಷ್ಕಾ ತನ್ನ ಫೋನನ್ನು ಅಮ್ಮನ ಮುಂದೆ ಮಣೆಯ ಮೇಲಿಟ್ಟಳು. "ಅಜ್ಜಿ, ರೆಕಾರ್ಡ್ ಮಾಡ್ಲಾ?" ಕೇಳಿ ಮಾಡುತ್ತಿದ್ದಾಳೆ, ಅಷ್ಟು ಕಲಿತಿದ್ದಾಳೆ. "ಮಾಡು. ಎಲ್ಲರಿಗೂ ಕೊಡು. ಕೊನೆಯ ಸಾಲು ಬಿಟ್ಟು ಕೊಟ್ರೆ ಮಾತ್ರ ಮೊಣಕಾಲು ನೋವಿದ್ರೂ ನಿನ್ನ ಮನೆಗೆ ಬಂದು ಹೊಡಿತೇನೆ" ಎಂದಳು ಅಮ್ಮ. ಎಲ್ಲರೂ ನಕ್ಕರು.

ಅಮ್ಮ ಹಾಡಿದಳು. ಮೂರು ಸಾಲಿಗೆ ಅವಳ ಉಸಿರು ಮುಗಿಯಿತು. ನಾಲ್ಕನೆಯದನ್ನು ಯಾರೋ ಹಾಡಿದರು. ಹುಡುಗಿಯರೆಲ್ಲ ನನ್ನತ್ತ ತಿರುಗಿದರು.

ಆಮೇಲೆ ಅನುಷ್ಕಾ ಫೋನನ್ನು ಕಿವಿಗಿಟ್ಟು ಕೇಳಿ, ಇದರಲ್ಲಿ ಎರಡು ಧ್ವನಿ ಬಂದಿವೆ ಟೀಚರ್ ಎಂದಳು. ಎರಡನೆಯದನ್ನು ಅಳಿಸಿಬಿಡು ಎಂದೆ. ಅಳಿಸಲು ಬರುವುದಿಲ್ಲ ಎಂದಳು.

ಸುಳ್ಳಿರಬೇಕು. ನಾನು ಮತ್ತೆ ಕೇಳಲಿಲ್ಲ.